ಅಪ್ಪನ ಕಿಡ್ನಿ ಸಿಸ್ಟ್‌ಗೆ ಸಿಟಿ ಬದಲು ಗುಳ್ಳೆ ಇಂಜೆಕ್ಷನ್ ಕೊಟ್ಟು ಅಲ್ಟ್ರಾಸೌಂಡ್: ಯಾರಾದ್ರೂ ಮಾಡಿಸಿದ್ದೀರಾ?

ಅಡಿಕೆಸೀಮೆ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ, ಶುಗರ್ ಹಳೇದು. ಕ್ರಿಯಾಟಿನಿನ್ 2.6, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಲೆಕ್ಕ) 26 ಅಂತ ರಿಪೋರ್ಟಲ್ಲಿದೆ. ಮೂತ್ರ ಸರಿಯಾಗಿ ಹೋಗ್ತಿಲ್ಲ ಅಂತ ಶಿವಮೊಗ್ಗದಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ವಿ. ಪ್ರಾಸ್ಟೇಟ್ ಊದಿದೆಯಂತೆ, ಅದಕ್ಕೆ ಮಾತ್ರೆ ಶುರುವಾಯ್ತು. ಆದ್ರೆ ಅದೇ ಸ್ಕ್ಯಾನಿಂಗಲ್ಲಿ ಎಡ ಕಿಡ್ನಿಯಲ್ಲಿ 4.2 ಸೆಂ.ಮೀ. ಸಿಸ್ಟ್, ಅಂದ್ರೆ ನೀರು ತುಂಬಿದ ಚೀಲ ಕಂಡಿದೆ. ಒಳಗೆ ಪರದೆ ಥರ ಗೋಡೆಗಳಿವೆ, 'ಕಾಂಪ್ಲೆಕ್ಸ್ ಸಿಸ್ಟ್, ಕಾಂಟ್ರಾಸ್ಟ್ ಸಿಟಿ ಮಾಡಿಸಿ' ಅಂತ ಬರೆದು ಕೊಟ್ಟಿದ್ದಾರೆ.

ಕಿಡ್ನಿ ಡಾಕ್ಟ್ರು ರಿಪೋರ್ಟ್ ನೋಡಿ, ಸಿಟಿ ಡೈ ಸದ್ಯಕ್ಕೆ ಬೇಡ, ಬೆಂಗಳೂರಲ್ಲಿ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮಾಡುವವರಿದ್ದಾರೆ, ಚೀಟಿ ಕೊಡ್ತೀನಿ ಹೋಗಿಬನ್ನಿ ಅಂದ್ರು. ಇಂಜೆಕ್ಷನ್ನಲ್ಲಿ ಸಣ್ಣ ಗುಳ್ಳೆ ಬಿಡ್ತಾರಂತೆ. ಇದನ್ನ ಮನೇಲಿ ಹೇಳಿದ್ದೇ ತಡ, ನಮ್ಮ ಭಾವ 'ರಕ್ತಕ್ಕೆ ಗಾಳಿ ಹೋದ್ರೆ ಹಾರ್ಟ್ ನಿಂತುಹೋಗ್ತದೆ' ಅಂತ ಶುರುಮಾಡಿದ್ರು. ಅಪ್ಪ ಈಗ ಎರಡೂ ಬೇಡ ಅಂತ ಕೂತಿದ್ದಾರೆ. ಮಾಡಿಸಿದವರು, ತಿಳಿದವರು ದಯವಿಟ್ಟು ಹೇಳಿ.

ಕಪ್ಪುಬಿಳುಪು
ನಾನು ರೇಡಿಯಾಲಜಿಸ್ಟ್, ಈ ಪರೀಕ್ಷೆ ಮಾಡುತ್ತೇನೆ. ನಿಮ್ಮ ತಂದೆಯವರ ಫಿಲ್ಮ್ ನೋಡದೆ ಅವರ ಬಗ್ಗೆ ತೀರ್ಪು ಹೇಳಲಾರೆ, ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹೇಳಬಲ್ಲೆ.

ಮೊದಲು ಭಾವನವರ ಭಯ. ಗುಳ್ಳೆಗಳು ಸರಾಸರಿ 2.5 ಮೈಕ್ರಾನ್. ನಮ್ಮ ಕೆಂಪು ರಕ್ತಕಣವೇ 7ರಿಂದ 8 ಮೈಕ್ರಾನ್. ಅಂದಮೇಲೆ ರಕ್ತಕಣ ನುಗ್ಗುವ ಸಂದಿಯಲ್ಲೆಲ್ಲ ಇವೂ ನುಗ್ಗುತ್ತವೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಒಳಗಿರುವುದು ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ, ಹೊರಗೆ ಕೊಬ್ಬಿನ ತೆಳು ಪದರ. ಸೊನೊವ್ಯೂ ಎಂಬ ಔಷಧಿಯ ಲೆಕ್ಕ ಹೇಳುವುದಾದರೆ 1 ಮಿಲಿಯಲ್ಲಿ 8 ಮೈಕ್ರೋಲೀಟರ್ ಅನಿಲ. ಪೂರಾ ಡೋಸ್ 2.4 ಮಿಲಿ ಕೊಟ್ಟರೂ 20 ಮೈಕ್ರೋಲೀಟರ್ ಆಸುಪಾಸು, ಒಂದು ಹನಿ ನೀರಿನ ಅರ್ಧವೂ ಆಗದು. ಕಿಡ್ನಿಗೆ ಬಹಳ ಸಲ ಅದರರ್ಧ ಡೋಸ್ ಸಾಕು.

ಕಾಲು ಗಂಟೆಯೊಳಗೆ ಅನಿಲವೆಲ್ಲ ಉಸಿರಿನಲ್ಲಿ ಹೋಗಿಬಿಡುತ್ತದೆ. ಕಿಡ್ನಿಯ ಜರಡಿಯಲ್ಲಿ ಅದು ಸೋಸಿಕೊಳ್ಳುವುದೇ ಇಲ್ಲ, ಮೂತ್ರಕ್ಕೂ ಬರುವುದಿಲ್ಲ. ಕ್ರಿಯಾಟಿನಿನ್ ಎಷ್ಟೇ ಇರಲಿ ಇದನ್ನು ಕೊಡಬಹುದು ಅನ್ನುವುದು ಅದಕ್ಕೇ.

ಸಿಸ್ಟ್ ವಿಷಯದಲ್ಲಿ ನಮಗೆ ಬೇಕಾದ ಉತ್ತರ ಒಂದೇ: ಆ ಒಳಗೋಡೆಗಳಿಗೆ, ಅಥವಾ ಅಲ್ಲೇನಾದರೂ ಗಂಟಿದ್ದರೆ ಅದಕ್ಕೆ, ರಕ್ತ ಹೋಗುತ್ತಿದೆಯೇ? ಸಾದಾ ಸ್ಕ್ಯಾನಿಂಗಿನಲ್ಲಿ ಹೆಪ್ಪುಗಟ್ಟಿದ ಹಳೆ ರಕ್ತವೂ ಗಂಟಿನ ಹಾಗೇ ಕಾಣುತ್ತದೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಗೂ ಅಷ್ಟು ಸಣ್ಣ, ನಿಧಾನದ ಹರಿವು ಸಿಗುವುದಿಲ್ಲ. ಗುಳ್ಳೆ ಬಿಟ್ಟರೆ ರಕ್ತವಿದ್ದ ಕಡೆ ಹೊಳೆಯುತ್ತದೆ, ಇಲ್ಲದ ಕಡೆ ಕಪ್ಪಾಗೇ ಉಳಿಯುತ್ತದೆ.

ಗಂಡುಮೆಟ್ಟಿನ_ಗೌಡ
ಡಾಕ್ಟರ್ರೇ, ಒಂದ್ ಮಾತು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಮೊದಲ ಸ್ಕ್ಯಾನಿಂಗ್ ಅಂದ್ರು, ಆಮ್ಯಾಲೆ ಸಿಟಿ, ಈಗ ಇದೊಂದು ಹೊಸದು. ರೊಕ್ಕಾ ಬಿಚ್ಚಸೋ ಹೊಸಾ ದಾರಿ ಅಲ್ಲೇನ್ರಿ ಇದು? ನಮ್ಮ ಕಾಕಾನ ಮ್ಯಾಲೆ ಸಿಟಿ ಡೈ ಹಾಕಿದ್ರು, ಕಿಡ್ನಿ ಕೆಟ್ಟು ಡಯಾಲಿಸಿಸಿಗೆ ಬಂತು. ಈ ಗುಳ್ಳಿದೂ ಹಂಗ ಆಗಂಗಿಲ್ಲ ಅಂತ ಏನ್ ಗ್ಯಾರಂಟಿ?

ಕಪ್ಪುಬಿಳುಪು
ಸಿಟ್ಟೇನೂ ಇಲ್ಲ ಗೌಡ್ರೇ. ಇದು ಹೊಸದಂತೂ ಅಲ್ಲ. 1968ರಲ್ಲಿ ಅಮೆರಿಕದ ರೋಚೆಸ್ಟರಿನಲ್ಲಿ ಗ್ರಾಮಿಯಾಕ್ ಮತ್ತು ಶಾ ಎಂಬ ವೈದ್ಯರು ಹೃದಯದ ಎಕೋ ಮಾಡುವಾಗ, ಇಂಜೆಕ್ಷನ್ ಜೊತೆ ಸೇರಿಕೊಂಡ ಸಣ್ಣ ಗುಳ್ಳೆಗಳಿಂದ ಪರದೆ ಬೆಳಗಿದ್ದನ್ನು ಕಂಡರು. ಅಲ್ಲಿಂದ ಹುಟ್ಟಿದ್ದು. ಈಗ ಬಳಸುವ ಸೊನೊವ್ಯೂಗೆ ಯುರೋಪಿನಲ್ಲಿ 2001ರಲ್ಲೇ ಅನುಮತಿ ಸಿಕ್ಕಿದೆ.

ಅಪಾಯ ಸೊನ್ನೆ ಅಂತ ಯಾವ ಔಷಧಿಗೂ ಹೇಳಲಾಗದು. ಇದಕ್ಕೂ ಅಲರ್ಜಿ ಆಗಬಹುದು, ಬಹಳ ಅಪರೂಪ. ಇಟಲಿಯಲ್ಲಿ ಹೊಟ್ಟೆಯ 23,188 ಪರೀಕ್ಷೆಗಳನ್ನು ಒಟ್ಟುಹಾಕಿ 2006ರಲ್ಲಿ ವರದಿ ಮಾಡಿದ್ದರು. ಗಂಭೀರ ತೊಂದರೆ ಆದದ್ದು 2 ಜನರಿಗೆ, ಸಾವು ಇಲ್ಲ. ಹಾಗಂತ ಎಮರ್ಜೆನ್ಸಿ ಟ್ರೇ ಪಕ್ಕದಲ್ಲಿಲ್ಲದ ಕಡೆ ಇದನ್ನು ಮಾಡಿಸಬೇಡಿ. ಈಚೆಗೆ ಹಾರ್ಟ್ ಅಟ್ಯಾಕ್ ಆದವರು, ಶ್ವಾಸಕೋಶದ ಒತ್ತಡ ತೀರಾ ಜಾಸ್ತಿ ಇರುವವರು, ಬಿಪಿ ಹತೋಟಿಗೆ ಬಾರದವರು ಮೊದಲೇ ಹೇಳಬೇಕು. ಕಿಡ್ನಿಯವರಲ್ಲಿ ಬಿಪಿ ಏರಿಳಿತ ಸಾಮಾನ್ಯವಾದ್ದರಿಂದ ನಾನು ಟೇಬಲ್ ಮೇಲೆ ಮಲಗಿಸಿದ ತಕ್ಷಣ ಬಿಪಿ ನೋಡುತ್ತೇನೆ. ಪಾಲಿಎಥಿಲೀನ್ ಗ್ಲೈಕಾಲ್ ಅಲರ್ಜಿ ಇರುವವರಿಗೆ ಇದು ಬೇಡವೇ ಬೇಡ. ಮಲಬದ್ಧತೆಗೆ ನೀರಲ್ಲಿ ಕದಡಿ ಕುಡಿಯುವ ಕೆಲವು ಪುಡಿಗಳಲ್ಲಿ ಇರುವುದೂ ಅದೇ. ಅದನ್ನು ಕುಡಿದು ಯಾವತ್ತಾದರೂ ಮೈಯೆಲ್ಲ ದದ್ದು ಎದ್ದಿದ್ದರೆ ಹೇಳಿ.

ಇನ್ನು ಸಿಟಿ ಡೈ. ಅದರ ಬಗ್ಗೆ ನಮ್ಮಲ್ಲಿ ಭಯ ಸ್ವಲ್ಪ ಅತಿಯಾಗಿಯೇ ಇದೆ. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ಅಲ್ಲಿನ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ ಸೇರಿ 2020ರಲ್ಲಿ ಕೊಟ್ಟ ಹೇಳಿಕೆಯ ಸಾರ ಇಷ್ಟು: ಡೈನಿಂದ ಕಿಡ್ನಿಗೆ ಆಗುವ ಹಾನಿಯನ್ನು ಹಿಂದೆ ಜಾಸ್ತಿ ಅಂದಾಜು ಮಾಡಿದ್ದರು. ಮುಖ್ಯವಾಗಿ ಎಚ್ಚರ ಬೇಕಾದ್ದು ಇಜಿಎಫ್‌ಆರ್ 30ಕ್ಕಿಂತ ಕೆಳಗಿರುವವರಿಗೆ, ಮತ್ತು ಕಿಡ್ನಿಗೆ ಹಠಾತ್ತನೆ ಪೆಟ್ಟು ಬಿದ್ದವರಿಗೆ. ಅವರಿಗೂ ಜೀವಕ್ಕೆ ಬೇಕಾದ ಸಿಟಿ ಆದರೆ ಸಲೈನ್ ಹಾಕಿ ಮಾಡುತ್ತೇವೆ. ನಿಮ್ಮ ಕಾಕಾನವರಿಗೆ ಏನಾಯಿತೆಂದು ಗೊತ್ತಿಲ್ಲ, ಆದರೆ ಸಿಟಿ ಮಾಡಿಸುವ ಹೊತ್ತಿಗೆ ಎಷ್ಟೋ ಸಲ ರೋಗಿ ಇನ್ಫೆಕ್ಷನ್ನಿನಿಂದಲೋ ನೀರು ಬತ್ತಿಯೋ ಬಳಲಿರುತ್ತಾರೆ. ಬೈಗುಳ ತಿನ್ನುವುದು ಡೈ ಒಂದೇ.

ಈ ಪೋಸ್ಟ್‌ನ ತಂದೆಯವರದು 26. ಅರ್ಜೆಂಟ್ ಇಲ್ಲ. ಬೇರೆ ದಾರಿ ಇರುವಾಗ ಅವರ ಡಾಕ್ಟರು ಅದನ್ನು ಹಿಡಿದಿದ್ದಾರೆ. ನಾನಾದರೂ ಅದನ್ನೇ ಹೇಳುತ್ತಿದ್ದೆ.

ಬವೇರಿಯಾ_ಭಟ್
ನಾನು ಇರುವುದು ಮ್ಯೂನಿಕ್‌ನಲ್ಲಿ. ಜರ್ಮನಿಯಲ್ಲಿ ಇದು ಮಾಮೂಲಿ ಪರೀಕ್ಷೆ, ನನಗೂ ಆಗಿದೆ. ಸ್ಕ್ಯಾನಿಂಗಿನಲ್ಲಿ ಬಲ ಕಿಡ್ನಿಯ ನಡುವೆ ಉಬ್ಬು ಕಂಡಿತ್ತು, ಟ್ಯೂಮರ್ ಇರಬಹುದು ಅಂದಾಗ ರಾತ್ರಿ ನಿದ್ದೆ ಹತ್ತಿರಲಿಲ್ಲ ಮಾರಾಯ್ರೆ. ಗುಳ್ಳೆ ಬಿಟ್ಟು ನೋಡಿದಾಗ ಆ ಉಬ್ಬು ಸುತ್ತಲಿನ ಕಿಡ್ನಿಯ ಜೊತೆಗೇ ಬೆಳಗಿ, ಜೊತೆಗೇ ಮಂಕಾಯಿತು. ಹುಟ್ಟಿನಿಂದಲೇ ಇರುವ ಕಿಡ್ನಿಯದೇ ಮಾಂಸ, ಬರ್ಟಿನ್ ಕಾಲಂ ಅಂತ ಹೆಸರು, ಮನೆಗೆ ಹೋಗಿ ಅಂದರು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸುತ್ತಲೇ ಮಾಡಿದರು.

ಅಡಿಕೆಸೀಮೆ
ಭಟ್ರೇ, ಇಂಜೆಕ್ಷನ್ ಕೊಡುವಾಗ ಮೈ ಬಿಸಿ ಆಗ್ತದಾ? ಸಿಟಿಯಲ್ಲಿ ಹಾಗಾಗ್ತದೆ ಅಂತ ಅಪ್ಪ ಎಲ್ಲೋ ಕೇಳಿದ್ದಾರೆ.

ಬವೇರಿಯಾ_ಭಟ್
ನನಗೆ ಏನೂ ಆಗಲಿಲ್ಲ. ಸೂಜಿ ಚುಚ್ಚಿದ್ದು ಬಿಟ್ಟರೆ ಇಂಜೆಕ್ಷನ್ ಕೊಟ್ಟಿದ್ದೇ ಗೊತ್ತಾಗಲಿಲ್ಲ. ಉಸಿರು ಬಿಗಿಹಿಡಿಯಿರಿ, ಬಿಡಿ ಅಂತ ಆಗಾಗ ಹೇಳುತ್ತಾರೆ, ಅಷ್ಟೇ.

ಕಪ್ಪುಬಿಳುಪು
ಅಪ್ಪನವರಿಗೆ ಧೈರ್ಯ ಬರಲಿ ಅಂತ ಕೋಣೆಯೊಳಗೆ ಏನಾಗುತ್ತದೆ ಹೇಳಿಬಿಡುತ್ತೇನೆ. ಸಣ್ಣ ವಯಲ್‌ನಲ್ಲಿ ಬಿಳಿ ಪುಡಿ ಇರುತ್ತದೆ. ಅದಕ್ಕೆ 5 ಮಿಲಿ ಸಲೈನ್ ಹಾಕಿ 20 ಸೆಕೆಂಡ್ ಜೋರಾಗಿ ಕುಲುಕಿದರೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ರಕ್ತನಾಳದಲ್ಲಿ ಕೂರಿಸುವ ಸಣ್ಣ ಕೊಳವೆ, ಅಂದರೆ ಪಿಂಕ್ ಕ್ಯಾನ್ಯುಲಾ ಹಾಕುತ್ತೇವೆ, ತೀರಾ ಸಪೂರ ಸೂಜಿಯಾದರೆ ಗುಳ್ಳೆಗಳು ಒತ್ತಡಕ್ಕೆ ಒಡೆಯುತ್ತವೆ. ಅದಕ್ಕೆ ಥ್ರೀವೇ (ಮೂರು ಬಾಯಿಯ ಸಣ್ಣ ನಲ್ಲಿ) ಇದ್ದರೆ ಔಷಧಿಯನ್ನು ನೇರ ಬಾಯಿಂದ ಬಿಡಬೇಕು. ಅಡ್ಡ ಬಾಯಿಂದ ಬಿಟ್ಟರೆ ಆ ತಿರುವಿನಲ್ಲೇ ಒಂದಷ್ಟು ಹಾಳಾಗುತ್ತವೆ, ಸಲೈನ್ ಹೋಗಬೇಕಾದ್ದು ಅಡ್ಡ ಬಾಯಿಂದ. ಹೊಸ ಪಿಜಿ ವಿದ್ಯಾರ್ಥಿಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಪರದೆ ಎರಡು ಭಾಗ. ಒಂದರಲ್ಲಿ ಮಾಮೂಲಿ ಸ್ಕ್ಯಾನಿಂಗ್ ಚಿತ್ರ, ಇನ್ನೊಂದು ಬಹುತೇಕ ಕಪ್ಪು. ಔಷಧಿ ಹೋದ ಕೂಡಲೇ ಟೈಮರ್ ಒತ್ತುತ್ತೇವೆ. ಹತ್ತು ಹದಿನೈದು ಸೆಕೆಂಡಿಗೆ ಕಿಡ್ನಿಯ ಹೊರಪದರ ಒಮ್ಮೆಗೇ ಬೆಳಗುತ್ತದೆ. ಒಳಗಿನ ಪಿರಮಿಡ್‌ಗಳು ಆಗ ಕಪ್ಪು ಕಪ್ಪಾಗಿ ಎದ್ದು ಕಾಣುತ್ತವೆ, ಅರ್ಧ ನಿಮಿಷದ ಹೊತ್ತಿಗೆ ಅವೂ ಅಂಚಿನಿಂದ ತುಂಬಿಕೊಂಡು ಬರುತ್ತವೆ. ಎಷ್ಟು ವರ್ಷ ನೋಡಿದರೂ ನನಗೆ ಈ ಘಳಿಗೆ ಬೇಸರ ಬಂದಿಲ್ಲ. ಮಷೀನಿನ ಶಕ್ತಿಯನ್ನು ಬಹಳ ತಗ್ಗಿಸಿಟ್ಟಿರುತ್ತೇವೆ, ಇಲ್ಲದಿದ್ದರೆ ಧ್ವನಿಯಲೆಗೇ ಗುಳ್ಳೆ ಒಡೆದುಹೋಗುತ್ತದೆ. ಕೆಲವೊಮ್ಮೆ ಬೇಕೆಂದೇ ಒಡೆದು, ಮತ್ತೆ ಹೊಸ ರಕ್ತದ ಜೊತೆ ಹೇಗೆ ತುಂಬುತ್ತವೆ ಅಂತ ನೋಡುವುದೂ ಉಂಟು.

ಲೈನ್‌ಮ್ಯಾನ್_ಲಿಂಗರಾಜು
ಸಲ್ಫರ್ ಹೆಕ್ಸಾಫ್ಲೋರೈಡ್ ಅಂದ್ರೆ ನಮ್ಮ ಸಬ್‌ಸ್ಟೇಷನ್ ಬ್ರೇಕರ್ ಒಳಗೆ ತುಂಬೋ ಎಸ್‌ಎಫ್6 ಗ್ಯಾಸೇ ಅಲ್ವಾ ಸಾರ್? ಅದು ಲೀಕ್ ಆದ್ರೆ ಆ ರೂಮೊಳಗೆ ಹೋಗ್ಬೇಡಿ ಅಂತಾರೆ ನಮಗೆ! ಅದನ್ನ ಮನುಷ್ಯನ ಮೈಗೆ ಬಿಡ್ತೀರಾ?

ಕಪ್ಪುಬಿಳುಪು
ಅದೇ ಅನಿಲ ಲಿಂಗರಾಜು ಅವರೇ. ಅದು ಯಾವುದರ ಜೊತೆಗೂ ಬೆರೆಯದ, ಸುಲಭಕ್ಕೆ ಒಡೆಯದ ಅನಿಲ ಅಂತಲೇ ನಿಮ್ಮ ಬ್ರೇಕರಿಗೂ ನಮ್ಮ ವಯಲ್‌ಗೂ ಬಂದಿದೆ. ನಿಮ್ಮಲ್ಲಿ ಭಯ ಎರಡು. ಗಾಳಿಗಿಂತ ಐದು ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ಕೂತು ಉಸಿರಿನ ಗಾಳಿಯನ್ನು ತಳ್ಳುತ್ತದೆ. ಮತ್ತೆ ಕಿಡಿ ಹೊಡೆದಾಗ ಅದರಿಂದ ವಿಷದ ವಸ್ತುಗಳು ಹುಟ್ಟುತ್ತವೆ. ನಮ್ಮಲ್ಲಿ ಕಿಡಿಯೂ ಇಲ್ಲ, ಪ್ರಮಾಣ ಅರ್ಧ ಹನಿ. ರಕ್ತದಲ್ಲಿ ಬೇಗ ಕರಗದ ಅನಿಲವಾದ್ದರಿಂದ ಗುಳ್ಳೆ ಕೆಲವು ನಿಮಿಷ ಉಳಿಯುತ್ತದೆ. ಬರೀ ಗಾಳಿಯ ಗುಳ್ಳೆಯಾಗಿದ್ದರೆ ಕಿಡ್ನಿ ಮುಟ್ಟುವುದರೊಳಗೆ ಮಾಯ.

ಮೂರುಪಾಳಿ
ನಾನು ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವನು. ಅಡಿಕೆಸೀಮೆ ಅಣ್ಣನಿಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಅಪ್ಪನ ಇಜಿಎಫ್‌ಆರ್ 26 ಅಂದಮೇಲೆ ಮುಂದೊಂದು ದಿನ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸುವ ಆಪರೇಷನ್) ಬೇಕಾಗಬಹುದು. ಹಾಗಾಗಿ ಮುಂಗೈ, ಮೊಣಕೈ ಸಂದಿಯ ರಕ್ತನಾಳ ಹಾಳುಮಾಡಿಕೊಳ್ಳಬೇಡಿ. ಕ್ಯಾನ್ಯುಲಾ ಹಾಕುವಾಗ ಅಂಗೈ ಹಿಂಭಾಗದಲ್ಲಿ ಹಾಕಿ ಅಂತ ಕೇಳಿ. ನನ್ನ ಎಡಗೈ ನಾಳಗಳನ್ನು ಡ್ರಿಪ್ ಹಾಕಿ ಹಾಕಿ ಮುಗಿಸಿದ್ದರು, ಫಿಸ್ಟುಲಾ ಮಾಡುವಾಗ ಸರ್ಜನ್ ಒದ್ದಾಡಿದರು.

ಕಪ್ಪುಬಿಳುಪು
ನೂರಕ್ಕೆ ನೂರು ಸರಿ. ನಮಗೆ ಮೊಣಕೈ ಸಂದಿಯೇ ಅನುಕೂಲ, ಆದರೆ ಕಿಡ್ನಿಯವರಿಗೆ ಅಂಗೈ ಹಿಂಭಾಗದಲ್ಲೇ ಹಾಕಿಸಿಕೊಳ್ಳಿ. ಫಿಸ್ಟುಲಾ ಇರುವ ಕೈಯನ್ನಂತೂ ಮುಟ್ಟಲು ಬಿಡಬೇಡಿ.

ಅನುಮಾನ_ಅನಂತ
ನಮ್ಮ ಊರಿನ ಒಂದು ಲ್ಯಾಬ್‌ನವರು 'ಮೈಕ್ರೋಬಬಲ್ ಕಿಡ್ನಿ ಚೆಕಪ್, ಕಿಡ್ನಿ ರೋಗ ಆರಂಭದಲ್ಲೇ ಪತ್ತೆ' ಅಂತ ವಾಟ್ಸಾಪ್ ಕಳಿಸಿದ್ದಾರೆ. ನನಗೆ ಶುಗರ್ ಇದೆ, ಬೇರೇನಿಲ್ಲ. ಮಾಡಿಸಲಾ?

ಕಪ್ಪುಬಿಳುಪು
ಬೇಡ. ಕಾಲುವೆಗೆ ಹೊಟ್ಟು ಎರಚಿದರೆ ನೀರು ಎಲ್ಲಿ ಹರಿಯುತ್ತಿದೆ, ಎಲ್ಲಿ ಕಟ್ಟಿದೆ ಅಂತ ಕಾಣುತ್ತದೆ. ನೀರು ಎಷ್ಟು ಶುದ್ಧ ಅಂತ ಕಾಣುವುದಿಲ್ಲ. ಈ ಗುಳ್ಳೆಯೂ ಹಾಗೇ, ರಕ್ತ ಎಲ್ಲಿಗೆ ತಲುಪಿತು ಅಂತಷ್ಟೇ ಹೇಳುತ್ತದೆ. ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವುದಕ್ಕೆ ಬೇಕಾದ್ದು ಕ್ರಿಯಾಟಿನಿನ್, ಇಜಿಎಫ್‌ಆರ್, ಮತ್ತು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಶುಗರ್ ಇರುವವರು ವರ್ಷಕ್ಕೊಮ್ಮೆ ಈ ಮೂತ್ರ ಪರೀಕ್ಷೆ ಮಾಡಿಸಿದರೆ ಆರಂಭದಲ್ಲೇ ಗೊತ್ತಾಗುತ್ತದೆ, ಖರ್ಚೂ ಕಮ್ಮಿ. ಎಡದ ಕಿಡ್ನಿ ಎಷ್ಟು, ಬಲದ್ದು ಎಷ್ಟು ಕೆಲಸ ಮಾಡುತ್ತಿದೆ ಅಂತ ಬೇಕಾದರೆ ಡಿಟಿಪಿಎ ಸ್ಕ್ಯಾನ್ ಇದೆ. ರೋಗ ಯಾವ ಜಾತಿಯದು ಅಂತ ಬೇಕಾದರೆ ಬಯಾಪ್ಸಿ.

ಗುಳ್ಳೆ ತುಂಬುವ ವೇಗ ಅಳೆದು ಕಿಡ್ನಿ ರೋಗ ಗುರುತಿಸುವ ಸಂಶೋಧನೆ ನಡೆಯುತ್ತಿದೆ ನಿಜ. ಅದು ಪ್ಯಾಕೇಜ್ ಮಾಡಿ ಮಾರುವ ಹಂತದಲ್ಲಿಲ್ಲ. ಒಂದು ಖಚಿತವಾದ ಅನುಮಾನ ಇದ್ದಾಗ ಮಾತ್ರ ಈ ಪರೀಕ್ಷೆಗೆ ಬೆಲೆ.

ತುಂಗಾತೀರ
ಅದಕ್ಕೆ ನಮ್ಮ ಕಡೆಯ ಉದಾಹರಣೆ ಸೇರಿಸ್ತೀನಿ. ನಾನು ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಕೊಳಕುಮಂಡಲ ಕಚ್ಚಿದವರು ಬರೋರು. ಗದ್ದೆ ಕೊಯ್ಲಿನ ಹೊತ್ತಲ್ಲಿ ಇನ್ನೂ ಜಾಸ್ತಿ. ಆಂಟಿವೆನಮ್ ಕೊಟ್ಟು ಜೀವ ಉಳಿದರೂ ಕೆಲವರಿಗೆ ಮೂತ್ರ ನಿಂತುಬಿಡೋದು. ಡಯಾಲಿಸಿಸ್ ಶುರು. ಮನೆಯವರು ಕೇಳೋದು ಒಂದೇ, 'ಸಿಸ್ಟರ್, ಕಿಡ್ನಿ ವಾಪಸ್ ಬರ್ತದಾ?' ಇದಕ್ಕೆ ಈ ಪರೀಕ್ಷೆಯಲ್ಲಿ ಉತ್ತರ ಸಿಗ್ತದೆ ಅಲ್ವಾ ಡಾಕ್ಟ್ರೇ?

ಕಪ್ಪುಬಿಳುಪು
ಒಳ್ಳೆಯ ಪ್ರಶ್ನೆ ಸಿಸ್ಟರ್, ಸಿಸ್ಟ್‌ಗಿಂತ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಮಂಡಲದ ವಿಷದಿಂದ ಮೂತ್ರ ನಿಲ್ಲುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಕಿಡ್ನಿಯ ನಳಿಕೆಗಳಿಗೆ ಮಾತ್ರ ಪೆಟ್ಟು ಬಿದ್ದಿದ್ದರೆ ಹೊರಪದರಕ್ಕೆ ರಕ್ತ ಹೋಗುತ್ತಲೇ ಇರುತ್ತದೆ. ಇಂಥವರು ಕೆಲವು ವಾರ ಡಯಾಲಿಸಿಸ್ ಮಾಡಿಸಿಕೊಂಡು ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಸಣ್ಣ ರಕ್ತನಾಳಗಳಲ್ಲೇ ರಕ್ತ ಹೆಪ್ಪುಗಟ್ಟಿ ಹೊರಪದರ ಸತ್ತುಹೋಗಿದ್ದರೆ ಅದು ಕಾರ್ಟಿಕಲ್ ನೆಕ್ರೋಸಿಸ್. ಪೂರಾ ಹೊರಪದರ ಸತ್ತವರಿಗೆ ಕಿಡ್ನಿ ಮರಳುವುದು ಕಷ್ಟ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಆದ ಬಾಣಂತಿಯರಲ್ಲೂ ಇದನ್ನು ಕಾಣುತ್ತೇವೆ.

ಗುಳ್ಳೆ ಬಿಟ್ಟಾಗ ಇದರಲ್ಲಿ ಕಾಣುವುದು ತಲೆಕೆಳಗಾದ ಚಿತ್ರ. ಮೊದಲು ಬೆಳಗಬೇಕಾದ ಹೊರಪದರ ಕಪ್ಪು ಪಟ್ಟಿಯಾಗಿ ಉಳಿದು, ಒಳಗಿನ ದೊಡ್ಡ ನಾಳಗಳು ಮಾತ್ರ ಹೊಳೆಯುತ್ತವೆ. ಒಂದು ನಾಳ ಕಟ್ಟಿಕೊಂಡು ಕಿಡ್ನಿಯ ಅಷ್ಟು ಭಾಗ ಮಾತ್ರ ಸತ್ತಿದ್ದರೆ (ಇನ್ಫಾರ್ಕ್ಟ್) ಆ ಜಾಗದಲ್ಲಿ ಮುಕ್ಕೋನದ ಕಪ್ಪು. ಮೊದಲೆಲ್ಲ ಇದಕ್ಕೆ ಡೈ ಹಾಕಿ ಸಿಟಿ ಅಥವಾ ಬಯಾಪ್ಸಿ ಬೇಕಿತ್ತು. ಮೂತ್ರ ನಿಂತು, ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿರುವ ರೋಗಿಗೆ ಎರಡೂ ಇಕ್ಕಟ್ಟೇ. ಇಲ್ಲಿ ಮಷೀನನ್ನೇ ಐಸಿಯು ಮಂಚದ ಹತ್ತಿರ ತಂದು ಮಾಡಬಹುದು. ಕಸಿ ಕಿಡ್ನಿಯಲ್ಲೂ ಇದೇ ಅನುಕೂಲ. ಅದು ಹೊಟ್ಟೆಯ ಕೆಳಭಾಗದಲ್ಲಿ ಚರ್ಮದ ಹತ್ತಿರವೇ ಇರುವುದರಿಂದ ಚಿತ್ರ ಬಹಳ ಸ್ಪಷ್ಟ. ಆದರೆ ರಿಜೆಕ್ಷನ್, ಅಂದರೆ ಮೈ ಆ ಕಿಡ್ನಿಯನ್ನು ಒಪ್ಪುತ್ತಿಲ್ಲ ಅಂತ ಖಚಿತವಾಗಿ ಹೇಳುವುದಕ್ಕೆ ಈಗಲೂ ಬಯಾಪ್ಸಿಯೇ ಬೇಕು.

ಗಂಡುಮೆಟ್ಟಿನ_ಗೌಡ
ಇಷ್ಟ್ ಛಲೋ ಇದ್ರ ಎಲ್ಲಾ ಕಡೆ ಯಾಕ ಮಾಡಂಗಿಲ್ರಿ ಮತ್ತ?

ಕಪ್ಪುಬಿಳುಪು
ಮಷೀನಿನಲ್ಲಿ ಕಾಂಟ್ರಾಸ್ಟ್ ಸಾಫ್ಟ್‌ವೇರ್ ಇರಬೇಕು, ವಯಲ್ ತರಿಸಿಡಬೇಕು, ಅದನ್ನು ಕಲಿತವರು ಬೇಕು. ಒಂದು ವಯಲ್ ಕಲಸಿದರೆ 6 ಗಂಟೆಯೊಳಗೆ ಬಳಸಿ ಮುಗಿಸಬೇಕು. ಹಾಗಾಗಿ ದಿನಕ್ಕೊಬ್ಬರು ಬರುವ ಸೆಂಟರಿಗೆ ಇದು ಗಿಟ್ಟುವುದಿಲ್ಲ. ಹೋಗುವ ಮುಂಚೆ ಫೋನ್ ಮಾಡಿ ವಯಲ್ ಇದೆಯಾ ಅಂತ ಕೇಳಿಯೇ ಬಸ್ ಹತ್ತಿ.

ಮಿತಿಗಳೂ ಇವೆ ಗೌಡ್ರೇ. ಹೊಟ್ಟೆ ದಪ್ಪ ಇದ್ದರೆ, ಕರುಳಲ್ಲಿ ಗ್ಯಾಸ್ ತುಂಬಿದ್ದರೆ ಕಾಣುವುದೇ ಇಲ್ಲ. ಒಂದು ಇಂಜೆಕ್ಷನ್ನಿಗೆ ಒಂದೇ ಜಾಗ ಸರಿಯಾಗಿ ನೋಡಬಹುದು. ಗಟ್ಟಿ ಗಡ್ಡೆ ಸಿಕ್ಕಿದರೆ ಅದು ಕ್ಯಾನ್ಸರೋ ಸಾದಾ ಗಡ್ಡೆಯೋ ಅಂತ ಗುಳ್ಳೆ ನೋಡಿ ಹೇಳಲಾಗದು, ಎರಡಕ್ಕೂ ರಕ್ತ ಹೋಗುತ್ತದೆ. ಆಗ ಹೊಟ್ಟೆ ಎದೆ ಎಲ್ಲ ಒಟ್ಟಿಗೆ ತೋರಿಸುವ ಸಿಟಿಯೇ ಬೇಕು.

ಅಡಿಕೆಸೀಮೆ
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಈ ಪೋಸ್ಟ್‌ಗಳನ್ನೆಲ್ಲ ಓದಿ ಹೇಳಿದೆ, ಒಪ್ಪಿದ್ರು. ಹೋಗಿ ಮಾಡಿಸಿಕೊಂಡು ಬಂದ್ವಿ, ಕ್ಯಾನ್ಯುಲಾ ಅಂಗೈ ಹಿಂದೇನೇ ಹಾಕಿಸಿದ್ದು. ರಿಪೋರ್ಟ್ ಹೀಗಿದೆ: ಒಳಗೋಡೆ ಮೂರು, ಅದರಲ್ಲೊಂದು 3 ಮಿ.ಮೀ. ದಪ್ಪ, ನಯವಾಗಿದೆ, ಗೋಡೆಗಳಲ್ಲಿ ಗುಳ್ಳೆ ಓಡಾಟ ಇದೆ, ಗಂಟು ಇಲ್ಲ. ಕೊನೆಗೆ 'ಬಾಸ್ನಿಯಾಕ್ 2ಎಫ್'. ಗೋಡೆಗೆ ರಕ್ತ ಹೋಗ್ತಿದೆ ಅಂದ್ರೆ ಕ್ಯಾನ್ಸರ್ ಅಂತಲಾ? ಭಾವ ಆಗಲೇ ಆ ಕಿಡ್ನಿ ತೆಗೆಸಿಬಿಡಿ ಅಂತಿದ್ದಾರೆ.

ಕಪ್ಪುಬಿಳುಪು
ಭಾವನವರಿಗೆ ಸ್ವಲ್ಪ ಕಾಫಿ ಕೊಟ್ಟು ಕೂರಿಸಿ. ಮಾರ್ಟನ್ ಬಾಸ್ನಿಯಾಕ್ ಎಂಬ ಅಮೆರಿಕದ ರೇಡಿಯಾಲಜಿಸ್ಟ್ 1986ರಲ್ಲಿ ಸಿಸ್ಟ್‌ಗಳನ್ನು 1ರಿಂದ 4ರವರೆಗೆ ವಿಂಗಡಿಸಿದರು. 1, 2 ಬಿಟ್ಟುಬಿಡುವಂಥವು. 4ರಲ್ಲಿ ರಕ್ತ ಹರಿಯುವ ಗಂಟು ಇರುತ್ತದೆ, ಬಹುತೇಕ ಕ್ಯಾನ್ಸರ್. 3ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ನಡುವಿನ 2ಎಫ್ ಅಂದರೆ ಗಮನದಲ್ಲಿಡಿ ಅಂತ. ಗೋಡೆ 4 ಮಿ.ಮೀ. ಮುಟ್ಟಿದರೆ ಅಥವಾ ಗೋಡೆಯ ಮೇಲೆ ಗಂಟು ಎದ್ದರೆ ಮೇಲಿನ ದರ್ಜೆಗೆ ಹೋಗುತ್ತದೆ. 2ಎಫ್‌ನವರಲ್ಲಿ ಹೆಚ್ಚಿನವರಿಗೆ ಹಾಗಾಗುವುದಿಲ್ಲ.

ಇನ್ನೊಂದು ವಿಷಯ. ಗುಳ್ಳೆಯ ಸ್ಕ್ಯಾನ್ ಎಷ್ಟು ಸೂಕ್ಷ್ಮ ಅಂದರೆ ಸಿಟಿಯಲ್ಲಿ ರಕ್ತವೇ ಕಾಣದ ಗೋಡೆಯಲ್ಲೂ ಒಂದೊಂದೇ ಗುಳ್ಳೆ ಸರಿದು ಹೋಗುವುದು ಕಾಣುತ್ತದೆ. ಹಾಗಾಗಿ ಇದರಲ್ಲಿ ದರ್ಜೆ ಸಿಟಿಗಿಂತ ಒಂದು ಮೆಟ್ಟಿಲು ಮೇಲೆ ಬರುವುದುಂಟು. ಇದಕ್ಕೆಂದೇ ಯುರೋಪಿನ ಅಲ್ಟ್ರಾಸೌಂಡ್ ಒಕ್ಕೂಟ 2020ರಲ್ಲಿ ಬೇರೆ ವಿಂಗಡಣೆಯ ಪ್ರಸ್ತಾಪ ಕೊಟ್ಟಿದೆ.

ಸಾಮಾನ್ಯ ಪದ್ಧತಿ ಅಂದರೆ 6 ತಿಂಗಳಾದ ಮೇಲೆ ಒಂದು ಸಲ, ವರ್ಷ ತುಂಬಿದಾಗ ಇನ್ನೊಂದು ಸಲ, ಆಮೇಲೆ ವರ್ಷಕ್ಕೊಂದರಂತೆ 5 ವರ್ಷ ನೋಡುವುದು. ಮುಂದಿನ ಸಲವೂ ಇದೇ ಪರೀಕ್ಷೆ, ಆದರೆ ಅದೇ ಸೆಂಟರಿನಲ್ಲಿ ಮಾಡಿಸಿ. ಸಿಡಿಯಲ್ಲಿ ವಿಡಿಯೋ ಕ್ಲಿಪ್ ಇಸಿದುಕೊಳ್ಳಿ, ಹೋಲಿಸುವುದಕ್ಕೆ ಬರೀ ಫೋಟೋ ಸಾಲದು. ಇಜಿಎಫ್‌ಆರ್ 26 ಇರುವವರ ಒಂದು ಕಿಡ್ನಿಯನ್ನು ಅನುಮಾನದ ಮೇಲೆ ತೆಗೆದರೆ ಡಯಾಲಿಸಿಸ್ ತಾನಾಗಿ ಹತ್ತಿರ ಬರುತ್ತದೆ. ನಿರ್ಧಾರ ಯೂರಾಲಜಿಸ್ಟ್ ಮತ್ತು ನಿಮ್ಮ ಕಿಡ್ನಿ ಡಾಕ್ಟರದು, ಇಬ್ಬರನ್ನೂ ಕೇಳಿ.

ಪುಟ್ಟಿಯಮ್ಮ
ಡಾಕ್ಟ್ರೇ, ನಂದೊಂದು ಪ್ರಶ್ನೆ. ಮಗಳಿಗೆ ಮೂರು ವರ್ಷ, ಪದೇ ಪದೇ ಯೂರಿನ್ ಇನ್ಫೆಕ್ಷನ್, ಜ್ವರ. ಮೂತ್ರ ಹಿಂದಕ್ಕೆ ಕಿಡ್ನಿಗೆ ಹೋಗ್ತಿದೆಯಾ ನೋಡ್ಬೇಕು, ಎಂಸಿಯು ಎಕ್ಸ್‌ರೇ ಮಾಡಿಸಿ ಅಂದಿದ್ದಾರೆ. ಅದಕ್ಕೂ ಈ ಗುಳ್ಳೆ ಆಗುತ್ತಾ? ಮಗುಗೆ ರೇಡಿಯೇಷನ್ ಅಂದ್ರೆ ಭಯ ಆಗುತ್ತೆ.

ಕಪ್ಪುಬಿಳುಪು
ಆಗುತ್ತದೆ ತಾಯಿ. ಅದರಲ್ಲಿ ಗುಳ್ಳೆ ರಕ್ತಕ್ಕೆ ಹೋಗುವುದಿಲ್ಲ, ಕ್ಯಾತಿಟರ್ ಮೂಲಕ ಮೂತ್ರಚೀಲಕ್ಕೆ ಬಿಡುತ್ತಾರೆ. ಚೀಲ ತುಂಬುವಾಗ, ಮಗು ಮೂತ್ರ ಮಾಡುವಾಗ ಗುಳ್ಳೆ ಮೇಲಕ್ಕೆ ಹತ್ತಿ ಕಿಡ್ನಿಯಲ್ಲಿ ಕಂಡರೆ ರಿಫ್ಲಕ್ಸ್ ಇದೆ ಅಂತ. ರೇಡಿಯೇಷನ್ ಇಲ್ಲ. ಅಮೆರಿಕದ ಎಫ್‌ಡಿಎ 2016ರ ಕೊನೆಯಲ್ಲಿ ಮಕ್ಕಳ ಈ ಪರೀಕ್ಷೆಗೆ ಅನುಮತಿ ಕೊಟ್ಟಿದೆ. ಮಾಡುವವರು ಹತ್ತಿರದಲ್ಲಿ ಸಿಗದಿದ್ದರೆ ಎಂಸಿಯು ಮುಂದೂಡಬೇಡಿ, ಈಗಿನ ಮಷೀನುಗಳಲ್ಲಿ ರೇಡಿಯೇಷನ್ ಕಮ್ಮಿ. ರಿಫ್ಲಕ್ಸ್ ಗೊತ್ತಾಗದೆ ಉಳಿದು ಮತ್ತೆ ಮತ್ತೆ ಜ್ವರ ಬಂದರೆ ಕಿಡ್ನಿಯಲ್ಲಿ ಗಾಯದ ಕಲೆ ಉಳಿಯುತ್ತದೆ.

ಪುಟ್ಟಿಯಮ್ಮ
ಅಯ್ಯೋ, ಪೈಪ್ ಹಾಕೋದು ಇದರಲ್ಲೂ ತಪ್ಪಲ್ವಾ?

ತುಂಗಾತೀರ
ಅದನ್ನ ತಪ್ಪಿಸೋಕಾಗಲ್ಲ ಅಕ್ಕ. ಮಕ್ಕಳಿಗೆ ಬಹಳ ಸಣ್ಣ ಟ್ಯೂಬ್ ಹಾಕ್ತಾರೆ, ಮರಗಟ್ಟಿಸೋ ಜೆಲ್ಲಿ ಹಚ್ಚಿ ಅಂತ ಕೇಳಿ. ನೀವು ತಲೆ ಹತ್ರ ನಿಂತು ಮೊಬೈಲಲ್ಲಿ ಏನಾದ್ರೂ ತೋರಿಸ್ತಾ ಇರಿ. ಮತ್ತೆ ಒಂದು ಮಾತು, ಇನ್ಫೆಕ್ಷನ್ ಇದ್ದಾಗ ಯಾವುದನ್ನೂ ಮಾಡಲ್ಲ. ಯೂರಿನ್ ಕಲ್ಚರ್ ಕ್ಲೀನ್ ಅಂತ ಬಂದ ಮೇಲೇ ಡೇಟ್ ತಗೊಳ್ಳಿ, ಇಲ್ಲಾಂದ್ರೆ ಅಲ್ಲೀವರೆಗೆ ಹೋಗಿ ವಾಪಸ್ ಬರ್ಬೇಕಾಗ್ತದೆ.

ಪುಟ್ಟಿಯಮ್ಮ
ಕಲ್ಚರ್ ನಿನ್ನೆ ಕೊಟ್ಟಿದ್ದೀವಿ, ಶುಕ್ರವಾರ ರಿಪೋರ್ಟ್ ಅಂದಿದ್ದಾರೆ. ಬಂದಮೇಲೆ ಇಲ್ಲೇ ಹಾಕ್ತೀನಿ.